ವೈನಿಗೆ ಪ್ರವೇಶವಿಲ್ಲ

ಯಂತ್ರಕ್ಕೆ ‘ಮಮತಾ’ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಬಾಯಿಗೆ ಬಂದಂತೆ ಬೈದು ಬರುತ್ತಿದ್ದೆ. ಒಂದು ಉಕ್ಕಿನ ಕುರ್ಚಿ, ತಲೆಯ ಮೇಲೆ ಕವುಚುವ ಬೋಗುಣಿಯಂಥ ಟೋಪಿ, ಅದರಿಂದ ಇಳಿಬಿದ್ದ ವೈರುಗಳು, ಎದುರಿಗೊಂದು ಪರದೆ. ಇದರಲ್ಲಿ ಮಮತೆ ಎಲ್ಲಿದೆ ಎಂದು ಹುಡುಕಿ ಹುಡುಕಿ ನನಗೆ ಸಾಕಾಗಿದೆ.

ತಂಪುಕೋಟೆಯಲ್ಲಿರುವವರಿಗೆ ಹಿನ್ನೆಲೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಮಲಪ್ರಭೆಯ ದಂಡೆಯ ನಮ್ಮ ಊರುಗಳಲ್ಲಿ ಬೇಸಿಗೆ ಮೊದಲಿನಿಂದಲೂ ಕಡುಬೇಸಿಗೆಯೇ. ಆದರೆ ಬರುಬರುತ್ತಾ ಬಿಸಿಲಿನ ಜೊತೆಗೆ ಗಾಳಿಯಲ್ಲಿ ತೇವವೂ ಸೇರಿಕೊಂಡಿತು. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಗಾಳಿಯೇ ಒದ್ದೆಯಾದರೆ ಬೆವರು ಆರುವುದಿಲ್ಲ, ಮೈಯ ಕಾವು ಒಳಗೇ ಉಳಿಯುತ್ತದೆ. ನೆರಳಿನಲ್ಲಿ ಕೂತು ನೀರು ಕುಡಿಯುತ್ತಿದ್ದವರೂ ಕೂತಲ್ಲೇ ಸಾಯತೊಡಗಿದರು. ಆಗ ಸರ್ಕಾರದವರು ನಕ್ಷೆಯ ಮೇಲೆ ಒಂದು ಕೆಂಪು ಗೆರೆ ಎಳೆದು ಆಚೆಗಿನದಕ್ಕೆಲ್ಲ ‘ಉರಿಸೀಮೆ’ ಎಂದು ಹೆಸರಿಟ್ಟರು. ಹೆಸರಿಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಗೆರೆಯ ಈಚೆ, ದಕ್ಷಿಣದ ಎತ್ತರದ ಬಯಲಿನಲ್ಲಿ, ತಂಪುಕೋಟೆ ಕಟ್ಟಿದರು. ಊರಿಗೆ ಊರೇ ಒಂದು ಬಿಳಿ ಸೂರಿನ ಕೆಳಗಿದೆ. ನೆಲದಾಳದಲ್ಲಿ ಗಾಳಿಯನ್ನು ಒಣಗಿಸಿ, ತಣಿಸಿ, ದೊಡ್ಡ ಕೊಳವೆಗಳಲ್ಲಿ ಬೀದಿ ಬೀದಿಗೆ ಹಂಚುತ್ತಾರೆ.

ಉರಿಸೀಮೆಯಿಂದ ಜೀವ ಉಳಿಸಿಕೊಳ್ಳಲು ಬಂದು, ಇಲ್ಲಿರಲು ಅನುಮತಿ ಸಿಕ್ಕವರನ್ನು ಆಸರೆದಾರರು ಎನ್ನುತ್ತಾರೆ. ನಾನು ಆಸರೆದಾರಳು. ಆಸರೆದಾರರಿಗೆ ತಮ್ಮ ಕುಟುಂಬವನ್ನು ಕರೆಸಿಕೊಳ್ಳುವ ಹಕ್ಕಿದೆ ಎಂದು ಕಾನೂನಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ. ಕುಟುಂಬ ಎಂದರೆ ಯಾರು ಎನ್ನುವುದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿದೆ: ಗಂಡ ಅಥವಾ ಹೆಂಡತಿ, ಮತ್ತು ಹದಿನೆಂಟು ತುಂಬದ ಮಕ್ಕಳು. ಅತ್ತೆ ಇಲ್ಲ, ಮಾವ ಇಲ್ಲ, ಮೈದುನ ಇಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಎರಡು ಪಂಕ್ತಿ ಹಾಕುತ್ತಿದ್ದೆವು. ಇವರ ಲೆಕ್ಕದಲ್ಲಿ ಅಷ್ಟೂ ಜನ ದಾರಿಹೋಕರು.

ಮೊದಲು ನಂಟನ್ನು ರಕ್ತಪರೀಕ್ಷೆಯಿಂದ ಸಾಬೀತು ಮಾಡಬೇಕಿತ್ತಂತೆ. ದಲ್ಲಾಳಿಗಳು ಯಾರದೋ ರಕ್ತವನ್ನು ಯಾರದೋ ಹೆಸರಿನಲ್ಲಿ ಮಾರತೊಡಗಿದ ಮೇಲೆ ಕಾನೂನು ಅದನ್ನು ಕೈಬಿಟ್ಟಿತು. ಆಗ ಮಮತಾ ಬಂತು. ಅದರ ಹಿಂದಿನ ಶೋಧ ಸರಳವಾದದ್ದು. ಹತ್ತಿರದವರ ದನಿ ಕೇಳಿದಾಗ ಮಿದುಳಿನ ಆಳದಲ್ಲಿ ಒಂದು ಅಲೆ ಏಳುತ್ತದೆ. ಆ ನಂಟಿನ ಪದ ಕೇಳಿದಾಗಲೂ ಒಂದು ಅಲೆ ಏಳುತ್ತದೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂತರೆ ನಂಟು ನಿಜ, ಕೂರದಿದ್ದರೆ ಸುಳ್ಳು. ಅಲೆಗಳಿಗೆ ಲಂಚ ಕೊಡಲು ಬರುವುದಿಲ್ಲ ಎನ್ನುವುದು ಅವರ ಹೆಮ್ಮೆ. ‘ರಕ್ತ ಬೇಡ, ಅಕ್ಕರೆ ಸಾಕು’ ಎಂದು ಗೋಡೆ ಗೋಡೆಗೆ ಬರೆಸಿದ್ದರು. ಅದನ್ನು ಓದಿ ನಾನೂ ಒಮ್ಮೆ ಕಣ್ಣೊರೆಸಿಕೊಂಡಿದ್ದೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನನ್ನ ಹೆಸರು ಸಾವಂತ್ರಿ. ಊರಲ್ಲಿ ಮಗ್ಗದ ಕಾರ್ಖಾನೆಯ ಮೋಟಾರು ರಿಪೇರಿ ಮಾಡುತ್ತಿದ್ದೆ. ಗಂಡ ಮಲ್ಲೇಶಿಯನ್ನು ಬಿಸಿಲು ನುಂಗಿದ ಮೇಲೆ ನಮ್ಮತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: “ನಿನ್ನ ಕೈಯಾಗ ಕೆಲಸ ಐತಿ, ನಿನ್ನ ಒಳಗ ಬಿಟ್ಕೋತಾರ. ನೀ ಮೊದ್ಲ ಹೋಗು. ಕೂಸಿನ್ನ ನಾ ನೋಡ್ಕೋತೀನಿ. ಆಮ್ಯಾಲೆ ಅಕೀನ ಕರಸ್ಕೊ.” ಮಗಳು ಮುಕ್ತಾಳನ್ನು ಅವರ ಮಡಿಲಲ್ಲಿ ಬಿಟ್ಟು ಬಂದೆ. ಕೆಲಸಕ್ಕೆಂದು ಒಳಗೆ ಬಿಟ್ಟುಕೊಂಡರೂ ಆಸರೆ ಸಿಗುವಷ್ಟರಲ್ಲಿ ಅತ್ತೆ ಹೋದರು. ಕೊನೆಯ ಮೈದುನ ಪರಪ್ಪ ಮುಕ್ತಾಳನ್ನು ಕರೆದುಕೊಂಡು ಬಂದು ತಂಪುಕೋಟೆಯ ಹೊರದ್ವಾರದ ತಂಗುದಾಣದಲ್ಲಿ ಕೂತ. ಮಧ್ಯೆ ಒಂದು ಗೋಡೆ. ಗೋಡೆಯ ಈಚೆ ನಾನು, ಆಚೆ ನನ್ನ ಹನ್ನೊಂದರ ಹುಡುಗಿ.

ನನ್ನ ಕೆಲಸ ಗಾಳಿ ಹಂಚುವ ನಿಯಂತ್ರಣ ಕೊಠಡಿಯಲ್ಲಿ. ಯಾವ ಬೀದಿಗೆ ಎಷ್ಟು ತಂಪು ಎಂದು ಪರದೆಯ ಮೇಲೆ ನೋಡಿ ಕೊಳವೆಗಳ ಕವಾಟ ತಿರುಗಿಸುವುದು. ಊರೊಳಗಿನ ಕವಾಟಗಳಿಗೆಲ್ಲ ಸಂವೇದಕಗಳಿವೆ, ಒಂದು ಕೂದಲೆಳೆ ಸರಿದರೂ ಪರದೆಗೆ ಗೊತ್ತಾಗುತ್ತದೆ. ಹೊರದ್ವಾರದ ತಂಗುದಾಣಕ್ಕೆ ಹೋಗುವ ಕೊಳವೆ ಮಾತ್ರ ಹಳೆಯದು, ಕೈಯಿಂದ ತಿರುಗಿಸುವ ಚಕ್ರ. ಹೊರಗಿನವರ ಗಾಳಿಗೆ ಸಂವೇದಕ ಯಾಕೆ ಎಂದು ಬಿಟ್ಟಿದ್ದರು. ಅದರ ಬದಲು ಕೊಠಡಿಯ ಯಂತ್ರ ನಮ್ಮನ್ನು ಬಾಯಲ್ಲೇ ಕೇಳುತ್ತದೆ, ನಾವು ಬಾಯಲ್ಲೇ ಉತ್ತರಿಸಬೇಕು, ಅದು ನಮ್ಮ ದನಿಯ ನಡುಕ ಅಳೆದು ನಿಜವೋ ಸುಳ್ಳೋ ನಿರ್ಧರಿಸುತ್ತದೆ. ಅದನ್ನೂ ಮಾಡಿದ್ದು ಮಮತಾ ಮಾಡಿದವರೇ.

ಬೇಸಿಗೆ ಬಂದಾಗ ಆ ಚಕ್ರವನ್ನು ಪೂರ್ತಿ ಮುಚ್ಚಬೇಕು. ಪೊಲೀಸರು ಬೇಕಿಲ್ಲ, ಲಾಠಿ ಬೇಕಿಲ್ಲ. ತಂಪು ನಿಂತರೆ ತಂಗುದಾಣದವರು ತಾವಾಗಿಯೇ ಗಂಟುಮೂಟೆ ಕಟ್ಟಿ ಎದ್ದು ಹೋಗುತ್ತಾರೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಅಷ್ಟರೊಳಗೆ ಮುಕ್ತಾ ಒಳಗೆ ಬರಬೇಕಿತ್ತು.

ಪರೀಕ್ಷೆಯ ದಿನ ನನ್ನನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ಪರದೆಯಲ್ಲಿ ಹೊರದ್ವಾರದ ಪರೀಕ್ಷಾಕೊಠಡಿ ಕಾಣುತ್ತಿತ್ತು. ಮುಕ್ತಾಳ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಎಷ್ಟು ಬಡವಾಗಿದ್ದಳೆಂದರೆ ಟೋಪಿ ಕಣ್ಣಿನ ಮೇಲೆ ಜಾರುತ್ತಿತ್ತು. ಪಕ್ಕದಲ್ಲಿ ಪರಪ್ಪ ನಿಂತಿದ್ದ. ನನ್ನ ಮೈಕು ಬಂದ್ ಮಾಡಿದ್ದರು, ಅರ್ಜಿದಾರರು ಮಗುವಿಗೆ ಹೇಳಿಕೊಡಬಾರದಲ್ಲ. ಮಮತಾ ವಿಭಾಗದ ಮುಖ್ಯಸ್ಥ ಇಂದುಶೇಖರ್ ಎನ್ನುವವರು ಗಾಜಿನಾಚೆ ನನ್ನ ಪಕ್ಕದ ಮೇಜಿನಿಂದಲೇ ಪ್ರಶ್ನೆ ಕೇಳಿದರು. ಮೆತ್ತಗಿನ ಮನುಷ್ಯ. ಸಾವಂತ್ರಿ ಎಂದು ಎಷ್ಟು ಸಲ ಹೇಳಿದರೂ ನನ್ನನ್ನು ಸಾವಿತ್ರಮ್ಮ ಎಂದೇ ಕರೆಯುತ್ತಿದ್ದರು, ತಿದ್ದಿ ಉಪಕಾರ ಮಾಡುತ್ತಿರುವವರ ಹಾಗೆ.

“ಪುಟ್ಟಾ, ನಿಮ್ಮಮ್ಮ ಎಲ್ಲಿದಾರೆ?” ಎಂದು ಕೇಳಿದರು.

ಮುಕ್ತಾ ಪರಪ್ಪನ ಮುಖ ನೋಡಿದಳು. ಅವನು ಪಾಪ, ಸಹಾಯ ಮಾಡಲು ಹೋದ. “ಅಮ್ಮ ಅಂದ್ರ ಅವ್ವ, ಮುಕ್ತಾ. ಅವ್ವ ಎಲ್ಲಿ ಅಂತ ಕೇಳಾಕತ್ತಾರ.”

“ಅವ್ವ ಸತ್ತಾಳ್ರಿ,” ಎಂದಳು ಮುಕ್ತಾ. “ಹ್ವಾದ ಬ್ಯಾಸಗ್ಯಾಗ.”

ನಾನು ಗಾಜಿಗೆ ಗುದ್ದಿದೆ. ಕಾವಲಿನವಳು ಭುಜ ಹಿಡಿದು ಕೂರಿಸಿದಳು. ಇಂದುಶೇಖರ್ ನನ್ನ ಕಡೆ ತಿರುಗಲೂ ಇಲ್ಲ.

ಆಮೇಲೆ ಅಲೆಗಳ ಸರದಿ. ನಾನು ಮೊದಲೇ ಓದಿಕೊಟ್ಟಿದ್ದ ನಾಲ್ಕು ಸಾಲನ್ನು ಬೇರೆ ಹೆಂಗಸರ ದನಿಗಳ ನಡುವೆ ಬೆರೆಸಿ ಕೇಳಿಸಿದರು. ನನ್ನ ದನಿ ಬಂದಾಗ ಪರದೆಯ ಹಸಿರು ಗೆರೆ ಮೇಲಕ್ಕೆ ಚಿಮ್ಮಿತು, ನನ್ನ ಎದೆಯೂ ಚಿಮ್ಮಿತು. ನಂತರ ಪದಗಳು. ‘ತಾಯಿ’, ‘ಅಮ್ಮ’ ಎಂದಾಗ ಹಳದಿ ಗೆರೆ ಅಲುಗಲೇ ಇಲ್ಲ, ಅವು ಅವಳಿಗೆ ಶಾಲೆಯ ಪುಸ್ತಕದ ಪದಗಳು. ‘ಅವ್ವ’ ಎಂದಾಗ ಎದ್ದಿತು, ಆದರೆ ಹಸಿರು ಗೆರೆಯಿಂದ ಬಹುದೂರ, ದುಃಖದ ಕಡೆಗೆ. ಆಗ ಯಂತ್ರ ತನ್ನ ಪದಕೋಶವನ್ನೆಲ್ಲ ಒಂದೊಂದಾಗಿ ಉಸುರತೊಡಗಿತು. ಅಜ್ಜಿ, ಅತ್ತೆ, ಚಿಗವ್ವ, ಅಕ್ಕ. ಏನೂ ಇಲ್ಲ. ‘ವೈನಿ’ ಎಂದಿತು. ಎರಡೂ ಗೆರೆಗಳು ಒಂದರ ಮೇಲೊಂದು ಬಂದು ಒಂದೇ ಗೆರೆಯಾಗಿ ಕೂತವು. ಟೋಪಿಯ ಕೆಳಗೆ ಮುಕ್ತಾ ನಕ್ಕಳು. ಎರಡು ವರ್ಷದ ಮೇಲೆ ನಾನು ಕಂಡ ಅವಳ ನಗು ಅದು.

“ನಂಟು ಖಚಿತ,” ಎಂದಿತು ಮಮತಾ ಸಕ್ಕರೆಯ ದನಿಯಲ್ಲಿ. “ವರ್ಗ, ಅಣ್ಣನ ಹೆಂಡತಿ. ಅರ್ಜಿದಾರರು ಹೇಳಿದ ವರ್ಗ, ತಾಯಿ. ಹೊಂದಿಕೆ ಇಲ್ಲ.”

ಮೈಕು ಬಿಟ್ಟ ಕೂಡಲೇ ನಾನು ಇಂದುಶೇಖರ್ ಮೇಲೆ ಹರಿಹಾಯ್ದೆ. “ಏನ್ ಹುಚ್ಚ ಯಂತ್ರ ಇಟ್ಟೀರಿ ಸಾಹೇಬ್ರ? ಅಕೀಗೆ ಅಣ್ಣನ ಇಲ್ಲ. ನಾ ಹಡದದ್ದ ಒಂದ ಕೂಸು. ಅಣ್ಣ ಇಲ್ದಕಿಗೆ ಅಣ್ಣನ ಹೆಂಡ್ತಿ ಎಲ್ಲಿಂದ ಬಂದ್ಲು?”

“ಅಣ್ಣ ಅನ್ನೋ ಪದಕ್ಕೂ ಗೆರೆ ಎದ್ದಿದೆ ಸಾವಿತ್ರಮ್ಮ. ಜೋರಾಗೇ ಎದ್ದಿದೆ. ಅಂದ್ರೆ ಅಣ್ಣ ಇದ್ದ.”

“ಅದು ಅಕಿ ಅಪ್ಪರೀ! ಅಪ್ಪಗ ಅಣ್ಣ ಅಂತಿದ್ಲು!”

ಅವರು ಕನ್ನಡಕ ತೆಗೆದು ಒರೆಸಿದರು. “ಅಪ್ಪನ್ನ ಅಣ್ಣ ಅಂತ, ಅಮ್ಮನ್ನ ಅತ್ತಿಗೆ ಅಂತ ಯಾವ ಮಗು ಕರೆಯುತ್ತೆ, ನೀವೇ ಹೇಳಿ?”

ನಮ್ಮ ಕಡೆಯ ಅರ್ಧ ಊರು ಕರೆಯುತ್ತದೆ. ಅದನ್ನು ಇವರಿಗೆ ಹೇಗೆ ತಿಳಿಸಲಿ? ಹಿರಿಯ ಸೊಸೆಯಾಗಿ ಆ ಮನೆಗೆ ಕಾಲಿಟ್ಟ ದಿನದಿಂದ ನಾನು ವೈನಿ. ನಾಲ್ಕು ಮಂದಿ ಮೈದುನರು ಬೆಳಗಾದರೆ ‘ವೈನಿ ಚಾ’, ‘ವೈನಿ ಟವೆಲ್’, ‘ವೈನಿ ನನ್ನ ಅಂಗಿ ಎಲ್ಲಿ’. ಹಾಲಿನವನಿಗೂ ವೈನಿ, ಪಕ್ಕದ ಮನೆಯವರಿಗೂ ವೈನಿ. ಗಂಡ ಎಲ್ಲರಿಗೂ ಅಣ್ಣ. ಅತ್ತೆ ಎಲ್ಲರಿಗೂ ಅವ್ವ. ಆ ಗದ್ದಲದಲ್ಲಿ ಮಾತು ಕಲಿತ ಕೂಸು ಕೇಳಿದ್ದನ್ನೇ ಅಂದಿತು. ತೊಟ್ಟಿಲಿನಿಂದ ಮೊದಲ ಸಲ ನನ್ನ ಕಡೆ ಕೈ ಚಾಚಿ ‘ವೈಈ’ ಎಂದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ತಿದ್ದಬೇಕೆಂದು ಯಾರಿಗೂ ಅನ್ನಿಸಲಿಲ್ಲ. ತಿದ್ದುವಂಥ ತಪ್ಪಾದರೂ ಏನಿತ್ತು ಅದರಲ್ಲಿ?

ಇಷ್ಟನ್ನೂ ಹೇಳಿದೆ. ಇಂದುಶೇಖರ್ ಪೂರ್ತಿ ಕೇಳಿದರು. ಅದೇ ಇನ್ನೂ ಸಿಟ್ಟು ತರಿಸಿತು.

“ನಂಗೆ ಅರ್ಥ ಆಗುತ್ತೆ,” ಎಂದರು. “ಆದ್ರೆ ಪದಕೋಶ ಬದಲಾಯಿಸಕ್ಕಾಗಲ್ಲ. ವೈನಿ ಅಂದ್ರೆ ತಾಯಿ ಅಂತ ಸೇರಿಸಿದೆ ಅಂದ್ಕೊಳಿ, ನಾಳೆ ನಿಜವಾದ ಅತ್ತಿಗೆಯರೆಲ್ಲ ತಾಯಂದಿರು ಅಂತ ಬಂದ್ಬಿಡ್ತಾರೆ.”

“ಬರ್ಲಿ ಬಿಡ್ರಿ. ಬಂದ್ರ ನಿಮ್ಮಪ್ಪನ ಗಂಟೇನ್ ಹೋಗ್ತೈತಿ?”

ಅವರ ಮುಖ ಬಿಗಿಯಿತು. ಆಮೇಲೆ ನಿಯಮ ಹೇಳಿದರು. ಮರುಪರೀಕ್ಷೆ ಒಂದೇ ಸಲ. ಅದರಲ್ಲೂ ಹೊಂದಿಕೆಯಾಗದಿದ್ದರೆ ಸುಳ್ಳು ಅರ್ಜಿ ಎಂದು ದಾಖಲಾಗಿ ನನ್ನ ಆಸರೆಯೂ ರದ್ದಾಗುತ್ತದೆ. ಎದ್ದು ಹೋಗುವ ಮುಂಚೆ ಬಾಗಿಲ ಬಳಿ ನಿಂತು, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. “ಯಂತ್ರ ಅಳೆಯೋದು ಪದಾನ. ಪದ ಕಲಿಸಬಹುದು. ಬಾಯಿಪಾಠ ಅಲ್ಲ, ಮನಸ್ಸಿಗೆ ಇಳಿಯೋ ಹಾಗೆ. ಮಕ್ಕಳು ಬೇಗ ಕಲೀತಾರೆ.”

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆ ಮಾತಿಗೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಭಾನುವಾರ ಮಧ್ಯಾಹ್ನ ತಂಗುದಾಣದವರ ಜೊತೆ ಮಾತಾಡಲು ಬಿಡುತ್ತಿದ್ದರು. ನನ್ನ ಒಂದು ಕೋಣೆಯ ಮನೆಯಲ್ಲಿ ಗೋಡೆಗಂಟಿದ ಪರದೆ, ಅದರೆದುರು ಚಾಪೆ. ಪರದೆಯಲ್ಲಿ ಮೊದಲು ಪರಪ್ಪ ಕಾಣಿಸಿಕೊಂಡ. ಮುಖ ಕಪ್ಪಿಟ್ಟಿತ್ತು.

“ವೈನಿ, ತಪ್ಪು ನಂದ,” ಎಂದ. “ಅಮ್ಮ ಅಂದ್ರ ಅವ್ವ ಅಂತ ಹೇಳಿದಾಂವ ನಾನ. ಅಷ್ಟ ಅಲ್ಲ, ಸಣ್ಣಾಂವಿದ್ದಾಗಿಂದ ವೈನಿ ವೈನಿ ಅಂತ ಒದರಿ ಒದರಿ ಕೂಸಿನ ಬಾಯಾಗೂ ಅದನ್ನ ತುರುಕಿದಾಂವ ನಾನ.”

“ಹುಚ್ಚಪ್ಯಾಲಿ ಹಂಗ ಮಾತಾಡಬ್ಯಾಡ ಪರಪ್ಪ. ಕೂಸಿನ್ನ ಕರಿ.”

ಮುಕ್ತಾ ಬಂದು ಕೂತಳು. ನನ್ನನ್ನು ಇನ್ನು ಮೇಲೆ ಅವ್ವ ಎಂದು ಕರೆಯಬೇಕೆಂದು, ಯಾಕೆ ಎಂದು, ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

“ಅವ್ವ ಸತ್ತಾಳ,” ಎಂದಳು.

“ಹೌದವ್ವಾ. ಆದ್ರ ನಾ ನಿನ್ನ ಹಡದಕಿ. ಎಲ್ಲಾ ಹುಡುಗ್ರೂ ಹಡದಕಿಗೆ ಅವ್ವ ಅಂತಾರ.”

“ನೀ ವೈನಿ. ಅವ್ವನ ಹೆಸ್ರು ನಿಂಗ ಯಾಕ ಬೇಕು? ಅಕಿ ಸಾಯುಮುಂದ ನಿನ್ನ ಹೆಸ್ರ ತಗದ್ಲು. ನೀ ಮಣ್ಣಿಗೂ ಬರ್ಲಿಲ್ಲ. ಈಗ ಅಕಿ ಹೆಸ್ರೂ ನಿಂಗ ಬೇಕನು?”

ಇಷ್ಟು ಹೇಳಿ ಎದ್ದು ಹೋದಳು. ಗೋಡೆ ದಾಟಿ ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡುವುದಿಲ್ಲ ಎಂದು ಹನ್ನೊಂದರ ಹುಡುಗಿಗೆ ಹೇಗೆ ಹೇಳುವುದು? ಹೇಳಿದ್ದರೂ ನಂಬುತ್ತಿದ್ದಳೋ ಇಲ್ಲವೋ. ಪರದೆ ಆರಿದ ಮೇಲೂ ನಾನು ಚಾಪೆಯ ಮೇಲೆಯೇ ಕೂತಿದ್ದೆ. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಯಂತ್ರದ ಮೇಲೆ, ಇಂದುಶೇಖರ್ ಮೇಲೆ, ಹೋಗು ಎಂದ ಅತ್ತೆಯ ಮೇಲೆ, ಸ್ವಲ್ಪ ಮುಕ್ತಾಳ ಮೇಲೂ.

ಆದರೆ ಬೇಸಿಗೆ ಕಾಯುವುದಿಲ್ಲವಲ್ಲ. ಮುಂದಿನ ವಾರದಿಂದ ಪಾಠ ಶುರು ಮಾಡಿದೆವು. ಪರಪ್ಪ ಆ ಕಡೆಯಿಂದ, ನಾನು ಈ ಕಡೆಯಿಂದ. ಅವನು ಮುಕ್ತಾಳೆದುರಿಗೆ ನನ್ನನ್ನು ವೈನಿ ಎನ್ನುವುದನ್ನೇ ಬಿಟ್ಟ. ‘ನಿಮ್ಮವ್ವ ಏನಂದ್ಲು’, ‘ನಿಮ್ಮವ್ವಗ ನಮಸ್ಕಾರ ಹೇಳು’. ಬಾಯಿ ತಪ್ಪಿ ವೈನಿ ಎಂದರೆ ತಾನೇ ತನ್ನ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದ. ಅತ್ತೆಯ ಸುದ್ದಿ ಬಂದರೆ ‘ಆಯಿ’, ಅಂದರೆ ಅಜ್ಜಿ, ಎನ್ನಬೇಕೆಂದು ಕಲಿಸಿದ. ತನ್ನ ಹೆತ್ತ ತಾಯಿಗೆ, ಅವಳು ಸತ್ತ ಮೇಲೆ, ಮಗನೇ ಹೆಸರು ಬದಲಿಸಿದ. ಅವನಿಗೆ ಹೇಗಾಗಿರಬೇಕು ಎಂದು ಕೇಳುವಷ್ಟು ತಾಳ್ಮೆ ನನಗೆ ಆಗ ಇರಲಿಲ್ಲ.

ನಾನು ಇನ್ನೂ ಕೆಟ್ಟ ಕೆಲಸ ಮಾಡಿದೆ. ಅತ್ತೆ ಮುಕ್ತಾಳನ್ನು ಮಲಗಿಸುವಾಗ ಬೆನ್ನು ಸವರುತ್ತಾ ಹೇಳುತ್ತಿದ್ದ ಮಾತುಗಳು ನನಗೆ ಗೊತ್ತಿದ್ದವು. ‘ಯಾರ ಕೂಸಿದು? ಅವ್ವನ ಕೂಸು. ಯಾರ ಬಂಗಾರಿದು? ಅವ್ವನ ಬಂಗಾರಿ.’ ಅದನ್ನೇ ಅತ್ತೆಯ ರಾಗದಲ್ಲಿ ನನ್ನ ದನಿಯಿಂದ ಹೇಳತೊಡಗಿದೆ. ಮೊದಲ ಸಲ ಮುಕ್ತಾ ಕಿವಿ ಮುಚ್ಚಿಕೊಂಡಳು. ಎರಡನೆಯ ಸಲ ಪರದೆಗೆ ಚಪ್ಪಲಿ ಎಸೆದಳು. ಆಮೇಲೆ ಒಂದು ದಿನ ಸುಮ್ಮನೆ ಕೇಳಿದಳು. ಕೇಳುತ್ತಾ ಕೇಳುತ್ತಾ ಅವಳ ಮುಖದಲ್ಲಿ ಏನೋ ಆರಿಹೋಗುವುದು ನನಗೆ ಕಾಣುತ್ತಿತ್ತು. ಕಂಡರೂ ನಿಲ್ಲಿಸಲಿಲ್ಲ.

“ಅವ್ವಾ,” ಎಂದಳು ಕೊನೆಗೆ, ಗೋಡೆಗೆ ಹೇಳಿದ ಹಾಗೆ. “ಸರಿ ಆತನು?”

“ಸರಿ ಆತು ನನ್ನ ಬಂಗಾರಿ.”

“ಹಂಗಾರ ಮತ್ತ ಅವ್ವನ ಕನಸ ಬೀಳೂದಿಲ್ಲ ನಂಗ. ಮೊದ್ಲ ಬೀಳ್ತಿತ್ತು.”

ಮರುಪರೀಕ್ಷೆ ಬಂತು. ಅದೇ ಗಾಜು, ಅದೇ ಟೋಪಿ. ‘ನಿಮ್ಮಮ್ಮ ಎಲ್ಲಿದಾರೆ’ ಎಂದು ಕೇಳಿದರೆ ಮುಕ್ತಾ “ಒಳಗ ಅದಾಳ್ರಿ, ಗಾಳಿ ಬಿಡೂ ಕೆಲಸ ಮಾಡ್ತಾಳ” ಎಂದಳು, ಒಂದು ಅಕ್ಷರವೂ ಅಲುಗದೆ. ನನ್ನ ದನಿಗೆ ಹಸಿರು ಗೆರೆ ಎದ್ದಿತು, ಮೊದಲಿನಷ್ಟು ಎತ್ತರಕ್ಕಲ್ಲ. ‘ಅವ್ವ’ ಎಂಬ ಪದಕ್ಕೆ ಹಳದಿ ಗೆರೆ ಎದ್ದಿತು, ಅದೂ ಮೊದಲಿನಷ್ಟು ಎತ್ತರಕ್ಕಲ್ಲ. ವೈನಿ, ಅವ್ವ ಇಬ್ಬರೂ ಅವಳೊಳಗೆ ಒಂದಿಷ್ಟು ಸತ್ತು ಗೆರೆಗಳು ಒಂದೇ ಮಟ್ಟಕ್ಕೆ ಬಂದಿದ್ದವು. ನಿಧಾನವಾಗಿ ಸರಿದು, ಒಂದರ ಮೇಲೊಂದು ಕೂತವು. ‘ವೈನಿ’ ಎಂದಾಗ ಹಳದಿ ಗೆರೆ ನೆಟ್ಟಗೆ ಮಲಗಿತ್ತು. ಟೋಪಿಯ ಕೆಳಗೆ ಮುಕ್ತಾ ಈ ಸಲ ನಗಲಿಲ್ಲ.

“ನಂಟು ಖಚಿತ. ವರ್ಗ, ತಾಯಿ,” ಎಂದಿತು ಮಮತಾ.

“ನೋಡಿದ್ರಾ?” ಎಂದರು ಇಂದುಶೇಖರ್. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. “ಯಂತ್ರ ಸುಳ್ಳು ಹೇಳಲ್ಲ ಸಾವಿತ್ರಮ್ಮ. ವರ್ಷಕ್ಕೊಂದು ಸಲ ಮತ್ತೆ ಪರೀಕ್ಷೆ ಇರುತ್ತೆ, ಅಷ್ಟೆ. ಮನೇಲೂ ಅದೇ ಪದ ರೂಢಿಯಲ್ಲಿರಲಿ.”

ಹೊರದ್ವಾರಕ್ಕೆ ಹೋದಾಗ ಹೊತ್ತು ಏರಿತ್ತು. ಎರಡು ಬಾಗಿಲುಗಳ ನಡುವೆ ಒಂದು ಗಾಜಿನ ಓಣಿ. ಆಚೆ ಬಾಗಿಲ ಬಳಿ ತಂಗುದಾಣದವರು ಗುಂಪಾಗಿ ನಿಂತಿದ್ದರು, ಯಾರ ಹೆಸರು ಕರೆಯುತ್ತಾರೋ ಎಂದು. ಮುಕ್ತಾ ಒಂದು ಬಟ್ಟೆಯ ಚೀಲ ಹಿಡಿದು ಓಣಿಯಲ್ಲಿ ನಡೆದು ಬಂದಳು. ನಾನು ಮಂಡಿಯೂರಿ ಕೂತು ಕೈ ಚಾಚಿದೆ. ಬಂದು ನನ್ನ ತೋಳಿನೊಳಗೆ ನಿಂತಳು. ಮೈ ಸುಡುತ್ತಿತ್ತು. “ಅವ್ವಾ,” ಎಂದಳು, ಪರೀಕ್ಷೆಯಲ್ಲಿ ಹೇಳಿದ್ದ ಅದೇ ದನಿಯಲ್ಲಿ.

ಅಷ್ಟರಲ್ಲಿ ಗಾಜಿನಾಚೆಯಿಂದ ಪರಪ್ಪ ಕೂಗಿದ. ಪಾಪ, ಇಷ್ಟು ದಿನ ಕಟ್ಟಿಹಾಕಿದ್ದ ಬಾಯಿ, ಕೊನೆಗಳಿಗೆಯಲ್ಲಿ ಬಿಚ್ಚಿಕೊಂಡಿತು. “ವೈನೀ! ವೈನೀ! ಕೂಸಿನ ಜ್ವಾಕೀರಿ! ನೀರ ಕುಡಿಯೂದಿಲ್ಲ ಅಕಿ, ಗದರಿಸಿ ಕುಡಸ್ರಿ!”

ಓಣಿಯ ತಲೆಯ ಮೇಲಿನ ದೀಪ ಹಳದಿಯಾಯಿತು. ಅಲ್ಲೂ ಕೇಳುವ ಯಂತ್ರ ಇತ್ತು. ಕಾವಲಿನವನು ಕೈ ಅಡ್ಡ ಹಿಡಿದ. “ಅವನು ಯಾರನ್ನ ಕರೀತಿರೋದು? ವೈನಿ ಯಾರು?”

ನಾನೇ ಎಂದರೆ ಅಡ್ಡಿ, ನಾನಲ್ಲ ಎಂದರೆ ದನಿ ನಡುಗಿ ಸಿಕ್ಕಿಬೀಳುತ್ತೇನೆ. ನಾನು ಬಾಯಿ ತೆರೆಯುವ ಮೊದಲೇ ಮುಕ್ತಾ ಹಿಂದಿರುಗಿ ಪರಪ್ಪನನ್ನು ನೋಡಿದಳು. ತನ್ನನ್ನು ಹೆಗಲ ಮೇಲೆ ಹೊತ್ತು ಉರಿಸೀಮೆ ದಾಟಿಸಿದ ಕಾಕಾನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಗೊತ್ತಿಲ್ರಿ,” ಎಂದಳು. “ಯಾರೋ ಏನೋ.”

ದೀಪ ಹಸಿರಾಯಿತು. ಅವಳ ದನಿಯಲ್ಲಿ ನಡುಕ ಇರಲಿಲ್ಲ. ನಾವೇ ಅದನ್ನು ತೆಗೆದುಹಾಕಿದ್ದೆವಲ್ಲ. ಗಾಜಿನಾಚೆ ಪರಪ್ಪ ಕೈ ಎತ್ತಿದವನು ಹಾಗೆಯೇ ನಿಂತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಮುಕ್ತಾಳ ಕೈ ಹಿಡಿದು, ತಿರುಗಿ ನೋಡದೆ ಒಳಗೆ ನಡೆದೆ.

ಮನೆಯಲ್ಲಿ ಅವಳಿಗೆ ರೊಟ್ಟಿ, ಪುಂಡಿಪಲ್ಯ ಮಾಡಿಟ್ಟಿದ್ದೆ. ಸದ್ದಿಲ್ಲದೆ ತಿಂದಳು. ಲೋಟ ತುಂಬಾ ನೀರು ಕೊಟ್ಟೆ, ಗದರಿಸುವ ಮೊದಲೇ ಕುಡಿದಳು. ಹಿಂದೆ ಗದರಿಸದೆ ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಬಾಗಿಲು ಹಾಕಿ ಬಂದು ಅವಳ ಪಕ್ಕದಲ್ಲಿ ಕೂತು ಪಿಸುಗುಟ್ಟಿದೆ: “ಇಲ್ಲೆ ಯಾರೂ ಕೇಳೂದಿಲ್ಲ. ಒಂದ ಸಲ ವೈನಿ ಅನ್ನು. ಒಂದ ಸಲ.”

ಅವಳು ತಟ್ಟೆಯ ಅಂಚಿಗೆ ಬೆರಳು ಸವರುತ್ತಿದ್ದಳು.

“ಆ ಹೆಸ್ರ ಕಾಕಾನ ಕಡೆ ಬಿಟ್ಟ ಬಂದೀನಿ,” ಎಂದಳು. “ನಾ ಬಂದ್ರ ಅಂವಗ ಅಲ್ಲೆ ಯಾರದಾರ? ಆ ಹೆಸ್ರರ ಇರ್ಲಿ ಅಂತ ಬಿಟ್ಟ ಬಂದೀನಿ.”

ಆಗ ನನಗೆ ಅಳು ಬಂತು. ಅವಳ ಎದುರಿಗೇ ಅತ್ತುಬಿಟ್ಟೆ. ಅವಳು ಎದ್ದು ತಟ್ಟೆ ತೊಳೆದಿಟ್ಟಳು.

ಬೇಸಿಗೆಯ ಆದೇಶ ಬಂದ ಬೆಳಿಗ್ಗೆ ನಾನು ನಿಯಂತ್ರಣ ಕೊಠಡಿಯಲ್ಲಿದ್ದೆ. ಪರದೆಯ ಮೇಲೆ ಒಂದೇ ಸಾಲು: ಹೊರದ್ವಾರದ ಕವಾಟ ಪೂರ್ತಿ ಮುಚ್ಚುವುದು. ಹಿಂದಿನ ವರ್ಷ ಆ ಚಕ್ರವನ್ನು ತಿರುಗಿಸಿದ್ದವಳೂ ನಾನೇ. ಆಗ ಅದರ ಆಚೆ ತುದಿಯಲ್ಲಿ ನನಗೆ ಗೊತ್ತಿರುವವರು ಯಾರೂ ಇರಲಿಲ್ಲ. ಕೆಲಸವೆಂದು ಮಾಡಿ, ಬಂದು ಊಟ ಮಾಡಿದ್ದೆ.

ಮೆಟ್ಟಿಲಿಳಿದು ಕೊಳವೆಯ ಬಳಿ ಹೋದೆ. ಚಕ್ರ ತಣ್ಣಗಿತ್ತು. ಅದರ ಮೇಲೆ ಕೈ ಇಟ್ಟು ನಿಂತೆ. ಕೊಳವೆಯೊಳಗೆ ಗಾಳಿ ಆ ಕಡೆಗೆ ಹರಿಯುವ ಸದ್ದು ಕೇಳುತ್ತಿತ್ತು. ಆ ತುದಿಯಲ್ಲಿ ಪರಪ್ಪ ಇದ್ದ, ಅವನ ಹಾಗೆ ಯಾರಿಗೂ ಕುಟುಂಬವಲ್ಲದ ಎಷ್ಟೋ ಜನ ಇದ್ದರು. ಯಾರದೋ ಚಿಗಪ್ಪ, ಯಾರದೋ ಅತ್ತೆ, ಯಾರದೋ ಸಾಕುಮಗ. ತಂಪು ಇರುವಷ್ಟು ದಿನ ಅವರು ಅಲ್ಲಿರಬಹುದು, ಅಷ್ಟೆ. ಅದಕ್ಕಿಂತ ಹೆಚ್ಚಿನದು ನನ್ನ ಕೈಯಲ್ಲಿರಲಿಲ್ಲ. ಅಷ್ಟು ಮಾತ್ರ ಇತ್ತು.

ಕೈ ತೆಗೆದು ಮೇಲೆ ಬಂದೆ. ಕುರ್ಚಿಯಲ್ಲಿ ನೆಟ್ಟಗೆ ಕೂತೆ.

“ಹೊರದ್ವಾರದ ಕವಾಟ ಮುಚ್ಚಿದ್ದೀರಾ?” ಎಂದು ಕೇಳಿತು ಯಂತ್ರ, ಅದೇ ಸಕ್ಕರೆಯ ದನಿಯಲ್ಲಿ.

ನಾನು ಮುಕ್ತಾಳನ್ನು ನೆನೆದೆ. ಗಾಜಿನ ಓಣಿಯಲ್ಲಿ ತಿರುಗಿ ನಿಂತು, ಕಾಕಾನ ಮುಖ ನೋಡುತ್ತಾ ಅವಳು ಆಡಿದ ದನಿಯನ್ನು ನೆನೆದು, ಅದೇ ದನಿಯಲ್ಲಿ ಉತ್ತರಿಸಿದೆ.

“ಮುಚ್ಚೀನಿ.”

ದೀಪ ಹಸಿರಾಯಿತು. ಯಂತ್ರಕ್ಕೆ ನಡುಗದೆ ಸುಳ್ಳು ಹೇಳುವುದನ್ನು ನಮಗೆ ಕಲಿಸಿದವರು ಅವರೇ.